ಬ್ಲಾಕ್ ಬರೆದ ಸಮೀಕರಣ, ನಾವು ಕೇಳುವ ಟೆಸ್ಲಾ

ಫೆಲಿಕ್ಸ್ ಬ್ಲಾಕ್ ಕೂಡ ಮೊದಲು ಸೇರಿದ್ದು ಎಂಜಿನಿಯರಿಂಗಿಗೇ. 1905ರ ಅಕ್ಟೋಬರ್ 23ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹುಟ್ಟಿದ ಅವರ ತಂದೆ ದವಸಧಾನ್ಯದ ಸಗಟು ವ್ಯಾಪಾರಿ. ಊರಿನ ಇಟಿಎಚ್ ಸಂಸ್ಥೆಯಲ್ಲಿ ಒಂದು ವರ್ಷ ಎಂಜಿನಿಯರಿಂಗ್ ಓದಿದ ಬ್ಲಾಕ್, ಅಲ್ಲಿ ಮನಸ್ಸು ನಿಲ್ಲದೆ ಭೌತಶಾಸ್ತ್ರಕ್ಕೆ ಬದಲಾಯಿಸಿಕೊಂಡರು. ಪುಣೆಯಲ್ಲಿ ಕೂತು ಎಂಆರ್‌ಐ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ನನ್ನಂಥವರ ಅನ್ನ ಒಂದು ಲೆಕ್ಕದಲ್ಲಿ ಆ ಬದಲಾವಣೆಯಿಂದ ಬಂದದ್ದು.

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅವರು ಹೈಸನ್‌ಬರ್ಗ್ ಅವರ ಮೊದಲ ಪಿಎಚ್‌ಡಿ ವಿದ್ಯಾರ್ಥಿ. 1928ರ ಪ್ರಬಂಧದಲ್ಲಿ ಅವರು ಬಿಡಿಸಿದ್ದು ಹರಳಿನೊಳಗೆ ಎಲೆಕ್ಟ್ರಾನುಗಳು ಹೇಗೆ ಚಲಿಸುತ್ತವೆ ಎಂಬ ಒಗಟನ್ನು. ಇಂದಿನ ಚಿಪ್‌ಗಳ ಭೌತಶಾಸ್ತ್ರಕ್ಕೆ ಅದೇ ತಳಪಾಯ. ಐದು ವರ್ಷದಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಯಾಗಿದ್ದ ಬ್ಲಾಕ್ 1933ರಲ್ಲೇ ಜರ್ಮನಿ ಬಿಟ್ಟರು. ರೋಮ್‌ನಲ್ಲಿ ಫರ್ಮಿ ಅವರ ಜೊತೆ ಕೆಲವು ಕಾಲ ಇದ್ದು, 1934ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸೇರಿದರು. 1939ರಲ್ಲಿ ಅಲ್ಲಿಯ ಪೌರರಾದರು.

ಸ್ಟ್ಯಾನ್‌ಫರ್ಡ್‌ನಲ್ಲಿ ಅವರನ್ನು ಕಾಡಿದ್ದು ರೋಗವೂ ಅಲ್ಲ, ಔಷಧವೂ ಅಲ್ಲ. ಪರಮಾಣುವಿನ ಬೀಜಕ್ಕೆ ಎಷ್ಟು ಕಾಂತಶಕ್ತಿ ಇದೆ ಎಂದು ಅಳೆಯಬೇಕಿತ್ತು, ಅಷ್ಟೆ. ಯುದ್ಧಕಾಲದಲ್ಲಿ ಶತ್ರುವಿನ ರೇಡಾರ್‌ಗೆ ಪ್ರತಿತಂತ್ರ ಹುಡುಕುವ ಕೆಲಸಕ್ಕೆ ಹೋದಾಗ ಅವರಿಗೆ ರೇಡಿಯೊ ವಿದ್ಯೆ ಚೆನ್ನಾಗಿ ಕೈಗೆ ಹತ್ತಿತು. ಯುದ್ಧ ಮುಗಿದ ಮೇಲೆ ಹ್ಯಾನ್ಸನ್ ಮತ್ತು ಪ್ಯಾಕಾರ್ಡ್ ಅವರೊಡನೆ ನೀರನ್ನು ಸುಮಾರು 0.18 ಟೆಸ್ಲಾ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೊ ಅಲೆ ಹಾಯಿಸಿದರು. ನೀರಿನ ಹೈಡ್ರೊಜನ್ ಬೀಜಗಳು ಮರುದನಿ ಕೊಟ್ಟವು. ಇದು 1946ರ ಆರಂಭದ ಮಾತು. ಕೆಲವೇ ವಾರಗಳ ಹಿಂದೆ ಹಾರ್ವರ್ಡ್‌ನಲ್ಲಿ ಪರ್ಸೆಲ್ ಅವರ ತಂಡ ಪ್ಯಾರಾಫಿನ್ ಮೇಣದಲ್ಲಿ ಇದನ್ನೇ ಕಂಡಿತ್ತು. 1952ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಬ್ಲಾಕ್ ತಮ್ಮ ಬೆರಳನ್ನೇ ಸುರುಳಿಯೊಳಗೆ ತೂರಿಸಿ ಸಂಕೇತ ಪಡೆದರೆಂಬ ಮಾತು ನಮ್ಮ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲೂ ಇದೆ. ಜೀವಂತ ದೇಹದಿಂದಲೂ ಈ ದನಿ ಬರುತ್ತದೆ ಎಂಬ ಮುನ್ಸೂಚನೆ ಅದರಲ್ಲಿತ್ತು.

ಅದೇ ವರ್ಷ ಅವರು ಬರೆದ ಸಮೀಕರಣಗಳನ್ನು ಪ್ರತಿಯೊಂದು ಎಂಆರ್‌ಐ ಇಂದಿಗೂ ನೆಚ್ಚಿಕೊಂಡಿದೆ. ಕಾಂತಕ್ಷೇತ್ರದಲ್ಲಿ ಹೈಡ್ರೊಜನ್ ಬೀಜಗಳು ಬುಗುರಿಯಂತೆ ತೊನೆಯುತ್ತವೆ. ಒಂದು ಟೆಸ್ಲಾಕ್ಕೆ ಸೆಕೆಂಡಿಗೆ 4.258 ಕೋಟಿ ಸುತ್ತು. ರೇಡಿಯೊ ಅಲೆ ಅವನ್ನು ಕೆಡವುತ್ತದೆ. ಮತ್ತೆ ಎದ್ದು ನಿಲ್ಲಲು ಹಿಡಿಯುವ ಸಮಯ ಟಿ1. ಗಣೇಶೋತ್ಸವದ ಢೋಲ್ ತಂಡ ಒಂದೇ ತಾಳದಲ್ಲಿ ಆರಂಭಿಸಿ, ಮುಂದಾಳು ಇಲ್ಲದಿದ್ದರೆ ಒಬ್ಬೊಬ್ಬರಾಗಿ ತಾಳ ತಪ್ಪುತ್ತಾರಲ್ಲ, ಹಾಗೆ ಬೀಜಗಳು ಹೊಂದಿಕೆ ಕಳೆದುಕೊಳ್ಳುವ ಸಮಯ ಟಿ2. ಮಿದುಳಿನ ಬಿಳಿ ಭಾಗ, ಬೂದು ಭಾಗ, ಗೆಡ್ಡೆ ಇವುಗಳಿಗೆ ಈ ಸಮಯಗಳು ಬೇರೆ ಬೇರೆ. ಚಿತ್ರದ ಕಪ್ಪು ಬಿಳುಪು ಬರುವುದು ಅಲ್ಲಿಂದ.

ಈ ಕಥೆಯಲ್ಲಿ ನಮ್ಮ ಕಡೆಯ ಎಳೆಯೂ ಉಂಟು. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಒಂದು ಪ್ರಬಂಧ, ಒಂದೇ ಆಲ್ಕೊಹಾಲ್ ಅಣುವಿನ ಹೈಡ್ರೊಜನ್‌ಗಳು ಮೂರು ಬೇರೆ ದನಿಗಳಲ್ಲಿ ಕೇಳಿಸುತ್ತವೆ ಎಂದು ತೋರಿಸಿತು. ಬರೆದ ಮೂವರಲ್ಲಿ ಒಬ್ಬರು ಎಸ್. ಎಸ್. ಧರ್ಮಟ್ಟಿ. ಉತ್ತರ ಕರ್ನಾಟಕದವರ ಕಿವಿ ನಿಮಿರುವ ಹೆಸರು. ಅವರು ಮರಳಿ ಬಂದು ಮುಂಬೈನ ಟಿಐಎಫ್‌ಆರ್‌ನಲ್ಲಿ ಈ ವಿದ್ಯೆಯ ತಂಡ ಕಟ್ಟಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್, ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆ ಎಂದು ಅಳೆದು ಪ್ರಕಟಿಸಿದರು. ಎಂಆರ್‌ಐಯಲ್ಲಿ ರಕ್ತದ ಹರಿವನ್ನು ನೋಡುವ ವಿಧಾನಗಳ ಇತಿಹಾಸ ಬರೆಯುವವರು ಆ ಲೇಖನವನ್ನು ನೆನೆಯುತ್ತಾರೆ. ಪುಣೆಯ ಪಾಷಾಣದಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಅಣುಗಳ ರಚನೆ ತಿಳಿಯಲು ಬಳಸುವುದೂ ಇದೇ ವಿದ್ಯೆಯನ್ನು.

1954ರಲ್ಲಿ ಬ್ಲಾಕ್ ಜಿನೀವಾದ ಸರ್ನ್ ಸಂಸ್ಥೆಯ ಮೊದಲ ಮಹಾನಿರ್ದೇಶಕರಾದರು. ಕಡತಗಳ ಕೆಲಸ ಒಗ್ಗದೆ ಮರುವರ್ಷವೇ ಸ್ಟ್ಯಾನ್‌ಫರ್ಡ್‌ಗೆ ಮರಳಿದರು. 1973ರಲ್ಲಿ ಲಾಟರ್‌ಬರ್ ಈ ಸಂಕೇತದಿಂದ ಚಿತ್ರ ಕಟ್ಟಬಹುದೆಂದು ತೋರಿಸಿದ್ದನ್ನು ಅವರು ಕಂಡರು. 1983ರ ಸೆಪ್ಟೆಂಬರ್ 10ರಂದು, ಹುಟ್ಟಿದ ಜ್ಯೂರಿಕ್‌ನಲ್ಲೇ ತೀರಿಕೊಂಡಾಗ ಆಸ್ಪತ್ರೆಗಳಿಗೆ ಎಂಆರ್‌ಐ ಆಗಷ್ಟೇ ಕಾಲಿಡುತ್ತಿತ್ತು.

ಈಗ ಊರಿನಿಂದ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ: ಇಲ್ಲಿ 1.5 ಟೆಸ್ಲಾ ಇದೆ, ದೊಡ್ಡ ಊರಲ್ಲಿ 3 ಇದೆ, ಎಲ್ಲೋ 7 ಬಂದಿದೆಯಂತೆ, ಸಾಲ ಮಾಡಿಯಾದರೂ ದೊಡ್ಡದರಲ್ಲೇ ಮಾಡಿಸೋಣವಾ? ಉತ್ತರ ಬ್ಲಾಕ್ ಅವರ ಲೆಕ್ಕದಲ್ಲೇ ಇದೆ. ದೇಹದ ಬಿಸಿಯಲ್ಲಿ ಬೀಜಗಳು ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿರುತ್ತವೆ. ಯಂತ್ರಕ್ಕೆ ಕೇಳಿಸುವುದು ಒಂದು ಕಡೆಗೆ ಇರುವ ಹೆಚ್ಚುವರಿ ಮಾತ್ರ: 3 ಟೆಸ್ಲಾದಲ್ಲಿ ಹತ್ತು ಲಕ್ಷಕ್ಕೆ ಸುಮಾರು 10, 7 ಟೆಸ್ಲಾದಲ್ಲಿ ಸುಮಾರು 23. ಹಾಗಾಗಿ 7 ಟೆಸ್ಲಾದಲ್ಲಿ ಒಂದು ಮಿಲಿಮೀಟರಿಗಿಂತ ಚಿಕ್ಕ ವಿವರ ಸಿಗುತ್ತದೆ. ಔಷಧಕ್ಕೆ ಬಗ್ಗದ ಅಪಸ್ಮಾರದಲ್ಲಿ, 3 ಟೆಸ್ಲಾದಲ್ಲಿ ಕಾಣದ ಸಣ್ಣ ದೋಷ ಕೆಲವರಲ್ಲಿ ಕಂಡು, ಶಸ್ತ್ರಚಿಕಿತ್ಸೆಗೆ ದಾರಿಯಾಗಿದೆ. ಫ್ರಾನ್ಸಿನ ಸಕ್ಲೇಯಲ್ಲಿರುವ 11.7 ಟೆಸ್ಲಾ ಯಂತ್ರದ ಕಾಂತ 132 ಟನ್ ತೂಗುತ್ತದೆ. 2024ರಲ್ಲಿ ಅದು ಹೊರಬಿಟ್ಟ ಮಿದುಳಿನ ಚಿತ್ರಗಳು ನಾಲ್ಕೇ ನಿಮಿಷದಲ್ಲಿ 0.2 ಮಿ.ಮೀ. ವಿವರ ತೋರಿಸಿದವು.

ಆದರೆ ಅದೇ ಲೆಕ್ಕ ಬೆಲೆಯನ್ನೂ ಹೇಳುತ್ತದೆ. ಕ್ಷೇತ್ರ ಏರಿದಂತೆ ಟಿ1 ಉದ್ದವಾಗುತ್ತದೆ, ಟಿ2 ಕುಗ್ಗುತ್ತದೆ. ದೇಹಕ್ಕೆ ಸೇರುವ ರೇಡಿಯೊ ಶಾಖ ಹೆಚ್ಚುಕಡಿಮೆ ಕ್ಷೇತ್ರದ ವರ್ಗದಂತೆ ಏರುತ್ತದೆ. 7 ಟೆಸ್ಲಾದಲ್ಲಿ ಮಿದುಳಿನೊಳಗೆ ರೇಡಿಯೊ ಅಲೆಯ ಉದ್ದ ಸುಮಾರು 13 ಸೆಂ.ಮೀ., ಅಂದರೆ ತಲೆಗಿಂತ ಚಿಕ್ಕದು. ಹಾಗಾಗಿ ಚಿತ್ರದ ಒಂದು ಭಾಗ ಬೆಳಗಿದರೆ ಇನ್ನೊಂದು ಮಂಕಾಗುತ್ತದೆ. ಅದನ್ನು ಸರಿಪಡಿಸುವುದೇ ನಮ್ಮ ವೃತ್ತಿಯವರ ದೊಡ್ಡ ತಲೆನೋವು. ಕೆಲವರಿಗೆ ತಲೆಸುತ್ತು ಬರುತ್ತದೆ. ಮೈಯೊಳಗೆ ಲೋಹದ ಸಾಧನ ಇರುವ ಅನೇಕರಿಗೆ ಪ್ರವೇಶವೇ ಇಲ್ಲ.

ಪಾರ್ಶ್ವವಾಯು, ಗೆಡ್ಡೆಯಂಥ ಸಾಮಾನ್ಯ ಪ್ರಶ್ನೆಗಳಿಗೆ 1.5 ಅಥವಾ 3 ಟೆಸ್ಲಾ ಬಹುತೇಕ ಸಾಕು. ಊರಲ್ಲಿ ಇಂದೇ ಆಗುವ ಸ್ಕ್ಯಾನು, ದೊಡ್ಡ ಅಂಕಿಯ ಆಸೆಗೆ ವಾರಗಟ್ಟಲೆ ಮುಂದೆ ಹೋಗುವುದು ಬೇಡ. ಮನೆಯವರು ಡಾಕ್ಟರನ್ನು ಕೇಳಬೇಕಾದದ್ದು ಟೆಸ್ಲಾ ಎಷ್ಟು ಎಂದಲ್ಲ, ಈ ಸ್ಕ್ಯಾನಿನಲ್ಲಿ ಏನನ್ನು ಹುಡುಕುತ್ತಿದ್ದೀರಿ ಎಂದು. 0.18 ಟೆಸ್ಲಾ ಇಟ್ಟುಕೊಂಡು ಬ್ಲಾಕ್ ಹೊರಟದ್ದೂ ಅಂಥ ಒಂದು ಸ್ಪಷ್ಟ ಪ್ರಶ್ನೆಯಿಂದಲೇ.