ಹಲಸಂಗಿಯ ಮಧುರಚೆನ್ನ

ಸೊಲ್ಲಾಪುರ ಸೀಮೆಗೆ ಸಮೀಪದಲ್ಲಿ, ಇಂದಿನ ವಿಜಯಪುರ ಜಿಲ್ಲೆಯಲ್ಲಿ, ಹಲಸಂಗಿಯೆಂಬ ಗ್ರಾಮವಿದೆ. ಕನ್ನಡ ಜಾನಪದದ ಇತಿಹಾಸದಲ್ಲಿ ಈ ಗ್ರಾಮಕ್ಕೆ ಸ್ಥಿರವಾದ ಸ್ಥಾನವನ್ನು ದೊರಕಿಸಿದವರಲ್ಲಿ ಚೆನ್ನಮಲ್ಲಪ್ಪ ಗಲಗಲಿಯವರು ಪ್ರಮುಖರು. ಮಧುರಚೆನ್ನ ಎಂಬುದು ಅವರ ಕಾವ್ಯನಾಮ.

1903ರಲ್ಲಿ ಜನಿಸಿದ ಮಧುರಚೆನ್ನರ ಶಾಲಾಶಿಕ್ಷಣ ಮುಲ್ಕಿ ಪರೀಕ್ಷೆಯೊಂದಿಗೆ ಮುಗಿಯಿತು. ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಹಳಗನ್ನಡ, ಸಂಸ್ಕೃತ, ಇಂಗ್ಲಿಷುಗಳನ್ನು ಸ್ವಂತ ಪರಿಶ್ರಮದಿಂದಲೇ ವಶಪಡಿಸಿಕೊಂಡರು. ಆದರೆ ಗ್ರಂಥಗಳಷ್ಟೇ ಆದರದಿಂದ ಅವರು ಗಮನಿಸಿದ್ದು ಊರಿನ ಬಾಯಿಮಾತಿನ ಸಂಪತ್ತನ್ನು. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ತ್ರಿಪದಿಗಳು ಮೊಳಗುತ್ತಿದ್ದವು. ಜಾತ್ರೆಗಳಲ್ಲಿ ಹರದೇಶಿ, ನಾಗೇಶಿ ಮೇಳಗಳು ಲಾವಣಿಯ ವಾದಕ್ಕೆ ನಿಲ್ಲುತ್ತಿದ್ದವು. ಅಕ್ಷರಸ್ಥರಲ್ಲಿ ಅನೇಕರು ಇವನ್ನು ಹಳ್ಳಿಗರ ಹಾಡೆಂದು ಕಡೆಗಣಿಸಿದ್ದ ಕಾಲವದು. ಬೀಸುವ ಯಂತ್ರ ಬಂದೆಡೆ ಕಲ್ಲಿನೊಡನೆ ಹಾಡೂ ಮೂಲೆ ಸೇರುವ ಭಯವಿತ್ತು. ಹಾಡಿದವರು ತೀರಿಕೊಂಡರೆ ಹಾಡು ಉಳಿಯುವ ಬೇರೆ ಎಡೆಯಿರಲಿಲ್ಲ.

ಈ ಕಾರ್ಯ ಒಬ್ಬನಿಂದ ಆಗತಕ್ಕದ್ದಲ್ಲ. ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಮಧುರಚೆನ್ನರೊಡನೆ ಕೂಡಿದರು. ಜಾತಿಮತಗಳ ಗೆರೆ ದಾಟಿದ ಈ ಕೂಟವೇ ಹಲಸಂಗಿ ಗೆಳೆಯರ ಬಳಗವೆಂದು ಪ್ರಸಿದ್ಧವಾಯಿತು. ಹಣಬಲವಾಗಲಿ, ವಿಶ್ವವಿದ್ಯಾಲಯದ ಆಶ್ರಯವಾಗಲಿ ಅದಕ್ಕಿರಲಿಲ್ಲ, ಸ್ನೇಹವೊಂದೇ ಬಂಡವಾಳ. ಹಾಡುಗಳನ್ನು ಕೇಳಿ ಬರೆದುಕೊಳ್ಳುವುದಷ್ಟೇ ಅಲ್ಲದೆ, ಅವನ್ನು ಸಭೆಗಳಲ್ಲಿ ಹಾಡಿ ವಿದ್ಯಾವಂತರ ಕಿವಿಗೆ ತಲುಪಿಸುವುದನ್ನೂ ಅವರು ತಮ್ಮ ಕರ್ತವ್ಯವೆಂದೆಣಿಸಿದರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಎಂಬ ಸಂಕಲನಗಳು ಅದನ್ನು ಹಿಂಬಾಲಿಸಿದವು. ಪ್ರೇರಣೆಯಾಗಿ ಜೊತೆಗಿದ್ದವರು ಮಧುರಚೆನ್ನರು. ಧಾರವಾಡದಲ್ಲಿ ಗೆಳೆಯರ ಗುಂಪನ್ನು ಕಟ್ಟಿದ, ಮುಂದೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದ ದ.ರಾ. ಬೇಂದ್ರೆಯವರಿಗೂ ಈ ಬಳಗಕ್ಕೂ ಗಾಢವಾದ ನಂಟಿತ್ತು.

ಮಧುರಚೆನ್ನರ ಬಾಳಿನ ಇನ್ನೊಂದು ಮುಖ ಅಧ್ಯಾತ್ಮ. ಸಂಶಯದ ಕತ್ತಲಿನಲ್ಲಿ ತೊಳಲಿದ ಅವರು ಶ್ರೀ ಅರವಿಂದರ ದರ್ಶನದಲ್ಲಿ ನೆಲೆ ಕಂಡರು. ಆ ಅಂತರಂಗದ ಪಯಣವನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಕೃತಿಗಳಲ್ಲಿ ನಿರೂಪಿಸಿದರು. ಇವೆರಡು ಮುಖಗಳೂ ಒಂದಾದದ್ದು ‘ನನ್ನ ನಲ್ಲ’ ಕಾವ್ಯದಲ್ಲಿ: ಹಂಬಲ ಅನುಭಾವಿಯದು, ನುಡಿಯ ಬನಿ ಹಳ್ಳಿಯದು. ಸಂಗ್ರಹಿಸಿದ ಹಾಡು ಕೇವಲ ಸಂಗ್ರಹವಾಗಿ ಉಳಿಯದೆ ಹೊಸ ಕಾವ್ಯಕ್ಕೆ ಉಸಿರಾಯಿತು.

1953ರ ಆಗಸ್ಟ್ 15ರಂದು, ಶ್ರೀ ಅರವಿಂದರ ಜನ್ಮದಿನದಂದೇ, ಮಧುರಚೆನ್ನರು ಕಣ್ಮರೆಯಾದರು. ಆಗ ಅವರಿಗೆ ಕೇವಲ 50 ವರ್ಷ. ಸಿಂಪಿ ಲಿಂಗಣ್ಣನವರು ಅನಂತರವೂ ದಶಕಗಳ ಕಾಲ ಜಾನಪದದ ಸೇವೆಯನ್ನು ಮುಂದುವರಿಸಿದರು. ಆ ತ್ರಿಪದಿಗಳನ್ನು ಕಟ್ಟಿದ ಗರತಿಯರ ಹೆಸರುಗಳು ಕಾಲಗರ್ಭ ಸೇರಿವೆ. ಅವರ ಸುಖದುಃಖಗಳು ಮಾತ್ರ, ಹಲಸಂಗಿಯ ಗೆಳೆಯರ ದೆಸೆಯಿಂದ, ಕನ್ನಡದ ಓದುಗರ ಪಾಲಿಗೆ ಉಳಿದಿವೆ.