ಯಂತ್ರಕ್ಕೆ ಮಾತು ಕಲಿಸಿದ ಗ್ರೇಸ್ ಹಾಪರ್
ಉಪ್ಪಿನಬೆಟಗೇರಿಯಿಂದ ಬಸ್ ಹತ್ತಿ ಬರುವ ನಾವು ಕನ್ನಡ ಮೀಡಿಯಂನವರು. ಲ್ಯಾಬಿನಲ್ಲಿ ಎರರ್ ಬಂದರೆ ಮೊದಲು ಅದರ ಇಂಗ್ಲಿಷಿಗೇ ಹೆದರ್ತೀವಿ. ಗ್ರೇಸ್ ಹಾಪರ್ (1906–1992) 1944ರಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ಇಂಗ್ಲಿಷೂ ಇರಲಿಲ್ಲ, ಬರೀ ಅಂಕಿ-ಸಂಕೇತ.

ಅಮೆರಿಕದ ನೌಕಾಪಡೆ ಸೇರಿದ್ದ ಈ ಗಣಿತಜ್ಞೆ 1952ರಲ್ಲಿ ಮೊದಮೊದಲ ಕಂಪೈಲರ್‌ಗಳಲ್ಲಿ ಒಂದನ್ನು ಕಟ್ಟಿದರು. ಆಮೇಲೆ, ಜನ ಆಡುವ ಪದಗಳಲ್ಲೇ ಪ್ರೋಗ್ರಾಂ ಬರೆಯೋಣ ಅಂತ ಪ್ರಸ್ತಾಪ ಇಟ್ಟರು. ಆಗೋದಿಲ್ಲ ಅಂದರು ಕಂಪನಿಯವರು. ಹಾಪರ್ ಬಿಡಲಿಲ್ಲ, ಫ್ರೆಂಚ್, ಜರ್ಮನ್ ಪದಗಳಲ್ಲೂ ಪ್ರೋಗ್ರಾಂ ಮಾಡಿ ತೋರಿಸಿದರು. ಮೇಲಿನವರು ಗಾಬರಿಯಾದರು! ಕೊನೆಗೆ ಇಂಗ್ಲಿಷ್ ಪದಗಳ ಫ್ಲೋ-ಮ್ಯಾಟಿಕ್ ಉಳಿಯಿತು.

ಅದರ ಬುನಾದಿಯ ಮೇಲೆ 1960ರಲ್ಲಿ ಕೋಬಾಲ್ ಬಂತು. ಲೆಕ್ಕದ ಉತ್ತರ ಜಾಗದಲ್ಲಿ ಹಿಡಿಸದಿದ್ದರೆ ಏನು ಮಾಡಬೇಕೆಂದು ಅದರಲ್ಲಿ ‘ಆನ್ ಸೈಜ್ ಎರರ್’ ಅಂತ ಲೆಕ್ಕದ ಜೊತೆಗೇ ಬರೆಯಬಹುದು.

ಯಂತ್ರಕ್ಕೆ ಎಲ್ಲ ಭಾಷೆಯೂ ಒಂದೇ ನೋಡ್ರಿ. ಕನ್ನಡದಲ್ಲೇ ಎರರ್ ಸಿಂಟ್ಯಾಕ್ಸ್ ಪ್ರಸ್ತಾಪಿಸೋಕೆ ನಾವ್ಯಾಕೆ ಹಿಂಜರೀಬೇಕು?