ಕೌಂಟ್ ರಮ್‌ಫರ್ಡ್

ಚಳಿಯಲ್ಲಿ ಅಂಗೈ ಉಜ್ಜಿಕೊಂಡರೆ ಬಿಸಿಯಾಗುವುದೆಂಬುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಅರಣಿಯನ್ನು ಕಡೆದು ಅಗ್ನಿಯನ್ನು ಪಡೆದ ನಾಡು ನಮ್ಮದು. ಆದರೆ ಆ ಬಿಸಿ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಬೆನ್ನಟ್ಟಿದವನು ಬೆಂಜಮಿನ್ ಥಾಮ್ಸನ್. ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಆತನ ಕಡೆಗೆ ಸೆಳೆದದ್ದು ಭೌತಶಾಸ್ತ್ರಕ್ಕಿಂತ ಹೆಚ್ಚಾಗಿ ಆತನ ಗುಣದೋಷಗಳೇ.

ಥಾಮ್ಸನ್ ಹುಟ್ಟಿದ್ದು 1753ರಲ್ಲಿ, ಅಮೆರಿಕದ ವೋಬರ್ನ್ ಎಂಬ ಊರಿನಲ್ಲಿ. ಹಾರ್ವರ್ಡ್ ಕಾಲೇಜಿಗೆ ನಡೆದು ಹೋಗಿ ಉಪನ್ಯಾಸ ಕೇಳಿ ಬರುತ್ತಿದ್ದ ಸಾಮಾನ್ಯ ಮನೆತನದ ಹುಡುಗ. ಸ್ವಾತಂತ್ರ್ಯ ಸಮರ ಹೊತ್ತಿಕೊಂಡಾಗ ಬ್ರಿಟಿಷರ ಪಕ್ಷ ಹಿಡಿದು ಅವರಿಗೆ ಗುಪ್ತವಾಗಿ ಸುದ್ದಿ ಕಳುಹಿಸಿದ. 1776ರಲ್ಲಿ ಹೆಂಡತಿಯನ್ನೂ ಎಳೆಯ ಮಗಳನ್ನೂ ಬಿಟ್ಟು ಲಂಡನ್ನಿಗೆ ಹೊರಟುಹೋದ. ಮುಂದೆ ಬವೇರಿಯದ ಅರಸನ ಸೇವೆಗೆ ಸೇರಿ, ಮ್ಯೂನಿಕ್ ನಗರದ ಭಿಕ್ಷುಕರಿಗೆ ಅನ್ನವನ್ನೂ ದುಡಿಮೆಯನ್ನೂ ಒದಗಿಸಿದ. ಸೈನಿಕರ ಉಡುಪನ್ನೂ ಅಡಿಗೆಯ ಒಲೆಯನ್ನೂ ಸುಧಾರಿಸಿದ. ಕೌಂಟ್ ರಮ್‌ಫರ್ಡ್ ಎಂಬ ಬಿರುದು ದೊರೆತದ್ದು ಅಲ್ಲಿಯೇ.

ಆ ಕಾಲದ ಪಂಡಿತರು ಉಷ್ಣವು ಕ್ಯಾಲೊರಿಕ್ ಎಂಬ ಕಣ್ಣಿಗೆ ಕಾಣದ ದ್ರವವೆಂದು ನಂಬಿದ್ದರು. ಮ್ಯೂನಿಕ್ಕಿನ ಶಸ್ತ್ರಾಗಾರದಲ್ಲಿ ಫಿರಂಗಿಯನ್ನು ಕೊರೆಯುವಾಗ ಲೋಹ ಸುಡುವಷ್ಟು ಕಾಯುವುದನ್ನು ರಮ್‌ಫರ್ಡ್ ಗಮನಿಸಿದ. ಮೊಂಡು ಬೈರಿಗೆಯನ್ನು ಲೋಹಕ್ಕೆ ಒತ್ತಿ ಹಿಡಿಸಿ, ಸುತ್ತಲೂ ಸುಮಾರು 19 ಪೌಂಡು ನೀರು ತುಂಬಿಸಿ, ಕುದುರೆಗಳ ಬಲದಿಂದ ಯಂತ್ರವನ್ನು ತಿರುಗಿಸಿದ. ಎರಡೂವರೆ ಗಂಟೆಯಲ್ಲಿ, ಕೆಳಗೆ ಬೆಂಕಿಯಿಲ್ಲದೆಯೇ, ನೀರು ಕುದಿಯಿತು! ಕೊರೆದ ಚೂರುಗಳ ಉಷ್ಣಗ್ರಾಹಕ ಗುಣವನ್ನೂ ಅಳೆದ. ಅದು ಮೂಲ ಲೋಹದಷ್ಟೇ ಇತ್ತು. ದ್ರವವೊಂದು ಲೋಹದಿಂದ ಹಿಂಡಿ ಬರುವುದಾದರೆ ಎಂದಾದರೂ ಮುಗಿಯಲೇಬೇಕು. ಉಜ್ಜುವವರೆಗೂ ಉಷ್ಣ ಬರುತ್ತಲೇ ಇದ್ದರೆ ಅದು ವಸ್ತುವಲ್ಲ, ಚಲನೆ. 1798ರಲ್ಲಿ ಈ ತೀರ್ಮಾನವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಲೋಕ ಒಡನೆ ಒಪ್ಪಲಿಲ್ಲ; ಜೌಲ್ ಮುಂತಾದವರ ಅಳತೆಗಳು ಬರುವವರೆಗೆ ಕ್ಯಾಲೊರಿಕ್ ಬದುಕಿಯೇ ಇತ್ತು.

1799ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸ್ಥಾಪನೆಗೆ ಮುಂದಾದವನೂ ಈತನೇ. ವಿಧಿಯ ವಿನೋದವೆಂದರೆ, ಕ್ಯಾಲೊರಿಕ್ಕಿಗೆ ಹೆಸರು ತಂದುಕೊಟ್ಟ ಲವಾಸಿಯೆಯ ವಿಧವೆಯನ್ನೇ ಮುಂದೆ ಮದುವೆಯಾದ. ಆ ದಾಂಪತ್ಯದಲ್ಲಿ ಘರ್ಷಣೆಯೇ ಹೆಚ್ಚು; 1809ರಲ್ಲಿ ಇಬ್ಬರೂ ಬೇರೆಯಾದರು. 1814ರಲ್ಲಿ ಪ್ಯಾರಿಸ್ಸಿನ ಸಮೀಪದ ಓತೈ ಎಂಬಲ್ಲಿ ಆತ ತೀರಿಕೊಂಡ. ತಾನು ತೊರೆದ ಜನ್ಮಭೂಮಿಯ ಹಾರ್ವರ್ಡಿಗೆ ಪ್ರಾಧ್ಯಾಪಕ ಪೀಠವೊಂದಕ್ಕಾಗಿ ಹಣ ಬಿಟ್ಟುಹೋಗಿದ್ದ.

ಆತ ಊಹಿಸಿದ ಚಲನೆಯನ್ನು ಇಂದು ಗಣಕಯಂತ್ರ ಲೆಕ್ಕಹಾಕುತ್ತದೆ. ಹೈದರಾಬಾದಿನಲ್ಲಿ ಜನಿಸಿದ ಅನೀಸುರ್ ರಹಮಾನರು 1964ರಲ್ಲಿ ದ್ರವರೂಪದ ಆರ್ಗಾನಿನ 864 ಪರಮಾಣುಗಳ ಓಟವನ್ನು ಹೀಗೆಯೇ ಗುಣಿಸಿ ತೋರಿಸಿದರು. ಅದೇ ಬಗೆಯ ಲೆಕ್ಕವನ್ನು ಉಜ್ಜುವ ಎರಡು ಮೈಗಳಿಗೂ ಹೂಡಬಹುದು: ಪರಮಾಣುಗಳು ಒಂದನ್ನೊಂದು ತಡೆದು, ಬಾಗಿ, ಫಕ್ಕನೆ ಜಾರುತ್ತವೆ, ಜಾರಿದಾಗ ಬಿಡುಗಡೆಯಾದ ಶಕ್ತಿ ಕಂಪನವಾಗಿ ಒಳಗೆ ಹರಡುತ್ತದೆ. ಆ ಕಂಪನವೇ ಬಿಸಿ.

ಹೆಂಡತಿ ಮಕ್ಕಳನ್ನು ತೊರೆದವನನ್ನು ನಾವು ಗೌರವಿಸಬೇಕೆ ಎಂದು ಗೆಳೆಯರು ಕೇಳಬಹುದು. ಆತನ ನಡತೆಯನ್ನು ನಾನು ಸಮರ್ಥಿಸಲಾರೆ. ಆದರೆ ಕುದಿದ ನೀರು ಕುದಿಸಿದವನ ಗುಣವನ್ನು ನೋಡಿ ಕುದಿಯಲಿಲ್ಲ. ಆತನ ತಪ್ಪನ್ನು ತಪ್ಪೆನ್ನೋಣ. ಆತ ಕಂಡ ಸತ್ಯವನ್ನು ಸತ್ಯವೆನ್ನೋಣ.